ಬಣ್ಣಕ್ಕಿಂತ ಮೊದಲು ಉತಾರ: ಮನೆ ಮಾರುವವರ ಪ್ರಶ್ನೆಗಳಿಗೆ ಉತ್ತರ

ಮನೆ ಮಾರಲು ಹೊರಟವರ ಪತ್ರಗಳಲ್ಲಿ ಹೆಚ್ಚಿನವು ಯಾವ ಬಣ್ಣ ಹಚ್ಚಿಸಲಿ ಎಂದೇ ಕೇಳುತ್ತವೆ. ಆದರೆ ವ್ಯವಹಾರ ಮುರಿದುಬೀಳುವ ಜಾಗ ಬೇರೆ. ಒಂದು ಗೋಡೆಯ ತೇವ, ಇನ್ನೊಂದು ಉತಾರದಲ್ಲಿ, ಅಂದರೆ ಆಸ್ತಿಯ ಸರಕಾರಿ ದಾಖಲೆಯಲ್ಲಿ, ಇರುವ ಹೆಸರು. ಈ ಸಲ ಅವೆರಡಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಟಿಳಕವಾಡಿಯಲ್ಲಿ 1994ರಲ್ಲಿ ಕಟ್ಟಿಸಿದ ಆರ್‌ಸಿಸಿ ಮನೆ. ಪ್ರತಿ ಮಳೆಗಾಲದಲ್ಲಿ ಬೆಡ್‌ರೂಮಿನ ಗೋಡೆಗೆ ಮೇಲಿನಿಂದ ತೇವ ಇಳಿಯುತ್ತದೆ, ಬಣ್ಣ ಪದರು ಪದರಾಗಿ ಏಳುತ್ತದೆ. ದಲ್ಲಾಳಿ, "ಈಗ ಬ್ಯಾಸಗಿ ಐತಿ, ಎರಡು ಕೋಟ್ ಹೊಡಿಸಿ ತೋರಸ್ರಿ, ಯಾರಿಗೂ ಗೊತ್ತಾಗಂಗಿಲ್ಲ" ಅನ್ನುತ್ತಾರೆ. ಹಾಗೆ ಮಾಡಬಹುದೆ?
— ಓದುಗರು, ಬೆಳಗಾವಿ

ಗೊತ್ತಾಗುತ್ತದೆ. ಮನೆ ನೋಡಲು ಬರುವವರು ಗುರುತಿನ ಗೌಂಡಿಯನ್ನೋ ಎಂಜಿನಿಯರನ್ನೋ ಕರೆತರುತ್ತಾರೆ. ಇಡೀ ಮನೆಯಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ ಬಿದ್ದಿದ್ದರೆ ಅವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಗಿಲಾವು ಇಟ್ಟಿಗೆಯನ್ನು ಬಿಟ್ಟಿದ್ದರೆ ಬರಿಗೊಡ ಬಡಿದ ಸದ್ದು ಬರುತ್ತದೆ. ಕಾನೂನೂ ನಿಮ್ಮ ದಲ್ಲಾಳಿಯ ಕಡೆಗಿಲ್ಲ. ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ದೊಡ್ಡ ದೋಷ ಮಾರುವವರಿಗೆ ಗೊತ್ತಿದ್ದರೆ ಕೊಳ್ಳುವವರಿಗೆ ತಿಳಿಸಲೇಬೇಕು ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಹೇಳುತ್ತದೆ.

ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ಹಿಡಿಯಿರಿ. ಮಳೆಗಾಲದಲ್ಲಷ್ಟೇ ಬಂದು ಮೇಲಿನಿಂದ ಇಳಿದರೆ ಮಾಳಿಗೆಯದು. ವರ್ಷವಿಡೀ ಒಂದೇ ಜಾಗದಲ್ಲಿದ್ದು ಗೋಡೆಯಾಚೆ ಬಚ್ಚಲಿದ್ದರೆ ಪೈಪಿನದು. ನೆಲದಿಂದ ಎರಡು-ಮೂರು ಅಡಿ ಏರಿ, ಬಿಳಿ ಉಪ್ಪು ಪುಡಿಯಾಗಿ ಉದುರುತ್ತಿದ್ದರೆ ಬುನಾದಿಯಿಂದ ಏರಿದ್ದು. ಅನುಮಾನ ಉಳಿದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ, ನಾಲ್ಕೂ ಅಂಚಿಗೆ ಟೇಪು ಬಿಗಿದು 48 ಗಂಟೆ ಬಿಡಿ. ಹನಿ ಒಳಮೈಗೆ ಕಟ್ಟಿದ್ದರೆ ನೀರು ಗೋಡೆಯಲ್ಲಿದೆ. ಹೊರಮೈಗೆ ಕಟ್ಟಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಹೋಗುತ್ತದೆ.

ನಿಮ್ಮದು ಮಾಳಿಗೆಯ ದೋಷ. ಮೂವತ್ತು ವರ್ಷದ ಸ್ಲ್ಯಾಬು ಸಾಮಾನ್ಯವಾಗಿ ಸೋರುವುದು ಎರಡು ಕಡೆ: ಮಳೆನೀರಿನ ಪೈಪಿನ ಬಾಯಿಯ ಸುತ್ತ, ಮತ್ತು ಸ್ಲ್ಯಾಬು ಸುತ್ತುಗೋಡೆಗೆ ಸೇರುವ ಮೂಲೆಯಲ್ಲಿ. ಪೈಪಿನ ಬಾಯಿಗೆ ಬಟ್ಟೆ ಸುತ್ತಿ ಜೇಡಿಮಣ್ಣು ಮೆತ್ತಿ, ಮಾಳಿಗೆಯ ಮೇಲೆ ಒಂದಿಂಚು ನೀರು ನಿಲ್ಲಿಸಿ. ಸುತ್ತುಗೋಡೆಯ ಮೇಲೆ ಪೆನ್ಸಿಲಿನಿಂದ ಮಟ್ಟದ ಗೆರೆ ಎಳೆಯಿರಿ. ಪಕ್ಕದಲ್ಲೇ ಒಂದು ಅಗಲವಾದ ಬೋಗುಣಿಯಲ್ಲೂ ಅಷ್ಟೇ ನೀರು ಇಡಿ. ಬೇಸಿಗೆಯ ಬಿಸಿಲಿಗೆ ಒಂದಿಷ್ಟು ನೀರು ಆರಿಯೇ ಆರುತ್ತದೆ. ಎರಡು ದಿನದಲ್ಲಿ ಬೋಗುಣಿಗಿಂತ ಮಾಳಿಗೆಯ ನೀರು ಹೆಚ್ಚು ಇಳಿದಿದ್ದರೆ ಸೋರುತ್ತಿದೆ ಎಂದೇ ಅರ್ಥ.

ರಿಪೇರಿಗೆ ಮೊದಲು ಪಾಚಿ ತೆಗೆಸಿ. ಲೀಟರ್ ನೀರಿಗೆ ಸುಮಾರು 50 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಚೆಲ್ಲಿ, 20 ನಿಮಿಷ ಬಿಟ್ಟು ತಂತಿ ಬ್ರಷ್‌ನಿಂದ ತಿಕ್ಕಿ ತೊಳೆಯುವುದು. ಅದರ ಜೊತೆ ಆ್ಯಸಿಡ್ ಮಾತ್ರ ಬೆರೆಸಕೂಡದು, ಕ್ಲೋರಿನ್ ವಿಷಗಾಳಿ ಏಳುತ್ತದೆ. ಬಿರುಕುಗಳನ್ನು ಇಂಗ್ಲಿಷಿನ ವಿ ಆಕಾರಕ್ಕೆ ಕೊರೆದು ಪಾಲಿಮರ್ ಗಾರೆ ತುಂಬಿಸಿ. ಸುತ್ತುಗೋಡೆಯ ಮೂಲೆಗೆ ಎರಡಿಂಚಿನ ಇಳಿಜಾರು ಪಟ್ಟಿ ಕಟ್ಟಿಸಿ, ಅಲ್ಲಿ ನೀರು ನಿಲ್ಲಬಾರದು. ಮೇಲೆ ಸಿಮೆಂಟ್-ಪಾಲಿಮರ್ ಲೇಪ ಎರಡು ಕೋಟು. ಮೊದಲ ಕೋಟು ಹಸಿಯಿರುವಾಗಲೇ ಫೈಬರ್ ಜಾಳಿಗೆ ಹಾಸಬೇಕು. ಎರಡನೆಯದನ್ನು ಮೊದಲನೆಯದಕ್ಕೆ ಅಡ್ಡಲಾಗಿ ಬಳಿಯಬೇಕು, ಒಂದೇ ದಿಕ್ಕಿಗೆ ಬಳಿದರೆ ಬ್ರಷ್ ತಪ್ಪಿದ ಗೆರೆಗಳು ಹಾಗೇ ಉಳಿಯುತ್ತವೆ. ಬೆಳಗಾವಿಯ ಮಳೆ ನಿಮಗೆ ಗೊತ್ತೇ ಇದೆ, ಮೇ ಮಧ್ಯದೊಳಗೆ ಇದು ಮುಗಿಯಲಿ.

ಒಳಗೋಡೆಯಲ್ಲಿ ಟೊಳ್ಳು ಗಿಲಾವನ್ನು ಕಲೆಗಿಂತ ಒಂದಡಿ ಆಚೆಯವರೆಗೆ ಕಿತ್ತು, ಇಟ್ಟಿಗೆಯನ್ನು ಎರಡು-ಮೂರು ವಾರ ಒಣಗಲು ಬಿಡಿ. ಆಮೇಲೆ ಒಂದಕ್ಕೆ ನಾಲ್ಕರ ಸಿಮೆಂಟು-ಉಸುಕಿನ ಗಿಲಾವು. 50 ಕಿಲೋ ಚೀಲಕ್ಕೆ 200 ಮಿ.ಲೀ. ವಾಟರ್‌ಪ್ರೂಫ್ ದ್ರವ ಸಾಮಾನ್ಯ ಅಳತೆ, ಡಬ್ಬಿಯ ಮೇಲೆ ಬೇರೆ ಬರೆದಿದ್ದರೆ ಅದನ್ನೇ ಹಿಡಿಯಿರಿ. ಏಳು ದಿನ ನೀರು ಹೊಡೆಯಬೇಕು. 28 ದಿನ ಆಗದೆ ಪುಟ್ಟಿ ಮುಟ್ಟಿಸಬೇಡಿ. ಹೊಸ ಗಿಲಾವಿನ ಕ್ಷಾರ ಬಣ್ಣವನ್ನು ತಿಂದು ಕಲೆ ಎಬ್ಬಿಸುತ್ತದೆ.

ಇನ್ನು ಬಣ್ಣ. ಹಳೆಯ ಸುಣ್ಣದ ಮೇಲೆ ಪುಟ್ಟಿ ಎಳೆದರೆ ಆರೇ ತಿಂಗಳಲ್ಲಿ ಹಪ್ಪಳದಂತೆ ಏಳುತ್ತದೆ. ಅಂಗೈಯಿಂದ ಗೋಡೆ ಉಜ್ಜಿದಾಗ ಬಿಳಿ ಪುಡಿ ಹತ್ತಿದರೆ ಪೂರ್ತಿ ಕೆರೆಸಲೇಬೇಕು. ಒಂದು ಸಾವಿರ ಚದರಡಿ ಗೋಡೆಗೆ ಸುಮಾರು 9-10 ಲೀಟರ್ ಪ್ರೈಮರ್, ಎರಡು ಕೋಟಿಗೆ 15 ಲೀಟರ್ ಎಮಲ್ಷನ್ ಲೆಕ್ಕ ಹಿಡಿಯಿರಿ. ಪೇಂಟರ್ ಇದರ ಒಂದೂವರೆ ಪಟ್ಟು ಕೇಳಿದರೆ ಗೋಡೆ ಅಳೆದು ತೋರಿಸಲು ಹೇಳಿ. ಇಡೀ ಮನೆಗೆ ಒಂದೇ ತಿಳಿ ಬಣ್ಣ ಸಾಕು. ದುಬಾರಿ ವಿನ್ಯಾಸದ ಗೋಡೆಗೆ ಹಾಕಿದ ದುಡ್ಡು ಬೆಲೆಯಲ್ಲಿ ಹಿಂತಿರುಗುವುದಿಲ್ಲ, ಕೊಂಡವರು ಗೃಹಪ್ರವೇಶಕ್ಕೆ ಮತ್ತೆ ಬಣ್ಣ ಹಚ್ಚಿಸುತ್ತಾರೆ. ಮಾಳಿಗೆ ರಿಪೇರಿಯ ಬಿಲ್ಲು ಮತ್ತು ಫೋಟೊ ಇಟ್ಟುಕೊಂಡು ತೋರಿಸಿ. ದರ ಇಳಿಸಲು ಬಂದವರ ಬಾಯಿಗೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ವಿಜಯಪುರದಲ್ಲಿ ಎರೆ ನೆಲದ ಮೇಲೆ ಕಟ್ಟಿದ ಮನೆ. ಕಿಟಕಿ ಮೂಲೆಗಳಿಂದ ಓರೆಯಾಗಿ ಬಿರುಕು ಹೋಗಿದೆ. ಬ್ಯಾಸಗಿಯೊಳಗ ಅಗಲ ಆಗತೈತಿ, ಮಳಿಗಾಲಕ್ಕ ಮುಚ್ಕೋತೈತಿ. ಎರಡು ಸಲ ಸಿಮೆಂಟ್ ತುಂಬಿಸಿದರೂ ಮತ್ತೆ ಬಿಟ್ಟಿದೆ. ಮಾರುವ ಮೊದಲು ಏನು ಮಾಡಬೇಕು?
— ಓದುಗರು, ವಿಜಯಪುರ

ಬೇಸಿಗೆಯಲ್ಲಿ ಬಾಯಿ ತೆರೆದು ಮಳೆಗಾಲದಲ್ಲಿ ಮುಚ್ಚುವುದೇ ಎರೆಯ ಗುರುತು. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಮನೆಯ ನಡುಭಾಗದ ಕೆಳಗಿನ ಮಣ್ಣಿಗೆ ಬಿಸಿಲೂ ಮಳೆಯೂ ತಾಕುವುದಿಲ್ಲ, ಅಂಚಿನದು ಮಾತ್ರ ಏರಿಳಿಯುತ್ತದೆ. ಆ ಎಳೆದಾಟಕ್ಕೆ ಗೋಡೆ ತನ್ನ ಬಲಹೀನ ಜಾಗದಲ್ಲಿ, ಅಂದರೆ ಕಿಟಕಿ-ಬಾಗಿಲಿನ ಮೂಲೆಯಲ್ಲಿ, ಸೀಳುತ್ತದೆ. ಬಿರುಕು ಅತಿ ಅಗಲವಾಗಿರುವ ಏಪ್ರಿಲ್‌ನಲ್ಲಿ ಅದಕ್ಕೆ ಗಟ್ಟಿ ಸಿಮೆಂಟು ತುಂಬಿದ್ದೀರಿ ಎಂದು ಕಾಣುತ್ತದೆ. ಮಳೆ ಬಿದ್ದು ಗೋಡೆ ಕೂಡಿಕೊಳ್ಳಲು ಬಂದಾಗ ಆ ಸಿಮೆಂಟು ಬೆಣೆಯಂತೆ ನಿಂತು ಪಕ್ಕದಲ್ಲಿ ಹೊಸ ಸೀಳು ಮಾಡುತ್ತದೆ.

ಮೊದಲು ಅಳೆಯಿರಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ನಡುವೆ ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ಬದಿಗೆ ಪಿಒಪಿಯಿಂದ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಂಟಿಸಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ. ಅಗಲ 5 ಮಿ.ಮೀ. ದಾಟಿದ್ದರೆ, ಇಲ್ಲವೇ ಅದೇ ಬಿರುಕು ಗೋಡೆಯ ಎರಡೂ ಮೈಯಲ್ಲಿ ಕಂಡು ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದ್ದರೆ, ಗೌಂಡಿಯ ಮಾತಿನ ಮೇಲೆ ಹೋಗಬೇಡಿ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ನಿಜವಾದ ಮದ್ದು ಗೋಡೆಯಲ್ಲಿಲ್ಲ, ಅಂಗಳದಲ್ಲಿದೆ. ಬುನಾದಿಯ ಪಕ್ಕದ ಮಣ್ಣು ಒಮ್ಮೆ ನೆನೆದು ಒಮ್ಮೆ ಒಣಗದಂತೆ ನೋಡಿಕೊಳ್ಳಬೇಕು. ಮನೆಯ ಸುತ್ತ ಮೂರಡಿ ಅಗಲದ ಕಾಂಕ್ರೀಟ್ ಪಟ್ಟಿ ಹಾಕಿಸಿ, ಗೋಡೆಯಿಂದ ಹೊರಕ್ಕೆ ಒಂದೂವರೆ ಇಂಚು ಇಳಿಜಾರು ಇರಲಿ. ಪಟ್ಟಿಯನ್ನು ಗೋಡೆಗೆ ಬೆಸೆಯಬಾರದು. ನಡುವೆ ಅರ್ಧ ಇಂಚು ಸಂದು ಬಿಟ್ಟು ಡಾಂಬರು ತುಂಬಬೇಕು, ಇಲ್ಲದಿದ್ದರೆ ಪಟ್ಟಿ ಉಬ್ಬಿದಾಗ ಗೋಡೆಯನ್ನೂ ಎಳೆಯುತ್ತದೆ. ಮಾಳಿಗೆಯ ಪೈಪಿನ ನೀರು ಬುನಾದಿಯ ಬುಡಕ್ಕೆ ಬೀಳದೆ ಗಟಾರಕ್ಕೆ ಹೋಗಲಿ. ಬಚ್ಚಲ ನೀರಿನ ಚೇಂಬರು ಒಡೆದಿದೆಯೇ ನೋಡಿ. ಗೋಡೆಗೆ ಅಂಟಿದಂತೆ ದೊಡ್ಡ ಬೇವಿನ ಮರವಿದ್ದರೆ, ಮಾರಾಟದ ಅವಸರದಲ್ಲಿ ಬುಡಸಮೇತ ಕಡಿಸಬೇಡಿ. ಮರ ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು ನೆಲ ಉಬ್ಬಬಹುದು.

ಒಂದು ಮಳೆಗಾಲ ಕಾಯಲು ಸಾಧ್ಯವಾದರೆ ಕಾದು, ಆಮೇಲೆ ಬಿರುಕು ತುಂಬಿಸಿ. ಸಣ್ಣದಕ್ಕೆ ಎಳೆದರೆ ಜಗ್ಗುವ ಆ್ಯಕ್ರಿಲಿಕ್ ಪೇಸ್ಟ್. ದೊಡ್ಡದಕ್ಕೆ ಇಕ್ಕೆಲದ ಗಿಲಾವನ್ನು ಆರಾರು ಇಂಚು ಕಿತ್ತು, ಕೋಳಿಜಾಳಿಗೆ ಮೊಳೆ ಹೊಡೆದು, ಪಾಲಿಮರ್ ಬೆರೆಸಿದ ಗಾರೆ. ತಾರೀಖು ಬರೆದ ಗೆರೆಗಳ ಫೋಟೊ ಉಳಿಸಿಕೊಳ್ಳಿ. ಎರೆ ಸೀಮೆಯಲ್ಲಿ ಮನೆ ಕೊಳ್ಳುವವರಿಗೆ ಬಿರುಕು ಹೊಸದಲ್ಲ, ಅದು ನಿಂತಿದೆಯೋ ಇಲ್ಲವೋ ಎಂಬುದೇ ಅವರ ಪ್ರಶ್ನೆ.

ಪಡಸಾಲೆಗೆ ಶಹಾಬಾದಿ ಫರಸಿ ಇದೆ. ಬೋರಿನ ನೀರಿಗೆ ಬೆಳ್ಳಗಾಗಿದೆ. ಆ್ಯಸಿಡ್ ಹಾಕಿ ತೊಳೆಸಬಹುದೆ?
— ಓದುಗರು, ಜಮಖಂಡಿ

ಬೇಡವೇ ಬೇಡ. ಶಹಾಬಾದಿ ಎಂದರೆ ಸುಣ್ಣದ ಕಲ್ಲು. ಆ್ಯಸಿಡ್ ಬಿದ್ದ ಕೂಡಲೇ ನೊರೆ ಏಳುವುದು ಕೊಳೆ ಹೋಗುತ್ತಿರುವುದಕ್ಕಲ್ಲ, ಕಲ್ಲೇ ಕರಗುತ್ತಿರುವುದಕ್ಕೆ. ನುಣುಪು ಹೋಗಿ ಮೈ ಗರಗಸದಂತಾಗುತ್ತದೆ, ಆಮೇಲೆ ಕೊಳೆ ಇನ್ನಷ್ಟು ಬೇಗ ಹಿಡಿಯುತ್ತದೆ. ನಿಂಬೆರಸ, ವಿನಿಗರ್ ಕೂಡ ಇದೇ ಕೆಲಸವನ್ನು ನಿಧಾನಕ್ಕೆ ಮಾಡುತ್ತವೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ತಿಕ್ಕಿ ಜಿಡ್ಡು ತೆಗೆಯಿರಿ, ಹಾಳಾದ ಸಂದುಗಳಿಗೆ ಸಿಮೆಂಟು ತುಂಬಿಸಿ, ಆಮೇಲೆ ಪಾಲಿಶ್ ಮಷಿನ್ ಹಾಕಿಸಿ. ಉಪ್ಪಿನ ಬಿಳುಪು ಕಲ್ಲಿನ ಮೇಲ್ಮೈಯಲ್ಲಿರುತ್ತದೆ, ಪಾಲಿಶ್ ಕಲ್ಲಿನ ಮೊದಲ ಸುತ್ತಿನಲ್ಲೇ ಹೋಗುತ್ತದೆ.

ಫರಸಿ ಕಿತ್ತು ಟೈಲ್ಸ್ ಹಾಕಿಸುವ ಯೋಚನೆ ಬಂದಿದ್ದರೆ ಬಿಡಿ. ಜಮಖಂಡಿಯ ಬಿಸಿಲಿಗೆ ತಣ್ಣಗಿರುವ ನೆಲ ಅದೇ, ಗುಣ ಬಲ್ಲವರು ಕೇಳಿ ತೆಗೆದುಕೊಳ್ಳುತ್ತಾರೆ. ಸ್ಟೀಲ್ ನಳಗಳ ಮೇಲಿನ ಸುಣ್ಣಕ್ಕೆ ಮಾತ್ರ ವಿನಿಗರ್ ನಡೆಯುತ್ತದೆ. ಬಟ್ಟೆ ಅದ್ದಿ ಅರ್ಧ ಗಂಟೆ ಸುತ್ತಿಟ್ಟು ಒರೆಸಿ, ಹನಿ ಫರಸಿಗೆ ಬೀಳದಂತೆ ಕೆಳಗೆ ಬಕೆಟ್ ಇಡಿ.

ಶಹಾಪುರದ ಮನೆ ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲಿದೆ. ನಾವು ಇಬ್ಬರು ಅಣ್ಣತಮ್ಮಂದಿರು, ತಾಯಿ ಇದ್ದಾರೆ. ಅಕ್ಕ ಮದುವೆಯಾಗಿ ಕೊಲ್ಹಾಪುರದಲ್ಲಿದ್ದಾರೆ, "ನನಗ ಏನೂ ಬ್ಯಾಡಪಾ" ಅಂತ ನೂರು ರೂಪಾಯಿ ಬಾಂಡ್ ಮೇಲೆ ಬರೆದುಕೊಟ್ಟಿದ್ದಾರೆ. ಸಾಕಲ್ಲವೆ?
— ಓದುಗರು, ಬೆಳಗಾವಿ

ಸಾಲದು. ತಂದೆಯವರು ಸ್ವಂತ ಗಳಿಕೆಯಿಂದ ಕೊಂಡ ಮನೆಯಾಗಿದ್ದು, ಮೃತ್ಯುಪತ್ರ ಬರೆಯದೆ ತೀರಿಕೊಂಡಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ತಂದೆ ತೀರಿದಾಗ ನಿಮ್ಮ ಅಜ್ಜಿ ಬದುಕಿದ್ದರೆ ಅವರಿಗೂ ಒಂದು ಪಾಲು ಹೋಗಿರುತ್ತದೆ, ಇದನ್ನು ಬಹಳ ಮಂದಿ ಮರೆಯುತ್ತಾರೆ. ಪಿತ್ರಾರ್ಜಿತವಾಗಿದ್ದರೂ 2005ರ ತಿದ್ದುಪಡಿಯಿಂದ ಮಗಳು ಹುಟ್ಟಿನಿಂದಲೇ ಹಕ್ಕುದಾರಳು, 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಖಚಿತಪಡಿಸಿದೆ. ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಬಾಂಡ್ ಕಾಗದಕ್ಕೆ ನೋಟರಿ ಸಿಕ್ಕಾ ಹಾಕಿಸಿದರೂ ಬ್ಯಾಂಕಿನ ವಕೀಲರು ಅದನ್ನು ಬದಿಗಿಡುತ್ತಾರೆ.

ಆದರೆ ಮಾರುವುದೇ ನಿಶ್ಚಯವಾಗಿದ್ದರೆ ಹಕ್ಕು ಬಿಡುಗಡೆ ಪತ್ರದ ಖರ್ಚೂ ಬೇಕಿಲ್ಲ. ಅಕ್ಕನವರೂ ಸೇರಿ ಎಲ್ಲ ವಾರಸುದಾರರು ಖರೀದಿ ಪತ್ರದಲ್ಲಿ ಮಾರುವವರಾಗಿ ಸಹಿ ಮಾಡಿದರೆ ಮುಗಿಯಿತು. ದುಡ್ಡು ಹೇಗೆ ಹಂಚಿಕೊಳ್ಳುವುದು ನಿಮ್ಮ ನಿಮ್ಮಲ್ಲಿ. ಅವರ ದಿನ ಕೇಳಿಕೊಂಡೇ ನೋಂದಣಿಯ ತಾರೀಖು ಹಿಡಿಯಿರಿ.

ಅದಕ್ಕೂ ಮೊದಲು ವಾರಸಾ, ಅಂದರೆ ದಾಖಲೆಗಳಲ್ಲಿ ವಾರಸುದಾರರ ಹೆಸರು ಏರಿಸುವ ಕೆಲಸ, ಆಗಬೇಕು. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶಾವಳಿ, ಎಲ್ಲರ ಗುರುತಿನ ಚೀಟಿ ಇಟ್ಟುಕೊಂಡು ಎರಡು ಕಡೆ ಅರ್ಜಿ ಕೊಡಿ: ಸಿಟಿ ಸರ್ವೇ ಕಚೇರಿ ಮತ್ತು ಮಹಾನಗರ ಪಾಲಿಕೆ. ನಮ್ಮ ಕಡೆ ಸಿಟಿಎಸ್ (ಸಿಟಿ ಸರ್ವೇ) ಉತಾರ ಒಂದು ಹೆಸರು ಹೇಳುತ್ತದೆ, ಪಾಲಿಕೆಯ ಖಾತಾ ಇನ್ನೊಂದು ಹೇಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೆಸರಿನ ಅಕ್ಷರ, ಅಡ್ಡಹೆಸರು, ಸಿಟಿಎಸ್ ನಂಬರು, ಕ್ಷೇತ್ರ ನಾಲ್ಕನ್ನೂ ತಾಳೆ ಹಾಕಿ. ಉತಾರದಲ್ಲಿ ಚದರ ಮೀಟರ್, ಹಳೆಯ ಖರೀದಿ ಪತ್ರದಲ್ಲಿ ಚದರಡಿ ಇರುತ್ತದೆ. ಒಂದು ಚದರ ಮೀಟರ್‌ಗೆ 10.764 ಚದರಡಿ. 30-40 ಅಡಿಯ ಜಾಗ 111.48 ಚದರ ಮೀಟರ್ ಬರಬೇಕು. ಉತಾರದಲ್ಲಿ 104 ಎಂದಿದ್ದರೆ ಅದನ್ನು ಕೊಳ್ಳುವವರು ಹುಡುಕುವ ಮೊದಲು ನೀವೇ ಮೋಜಣಿಗೆ (ಸರಕಾರಿ ಅಳತೆಗೆ) ಅರ್ಜಿ ಹಾಕಿ. ಈಗ ಇ-ಖಾತಾ ಇಲ್ಲದೆ ನಗರದ ಆಸ್ತಿ ನೋಂದಣಿಯಾಗುವುದಿಲ್ಲ. ಸಿಕ್ಕಿದ್ದು ಬಿ-ಖಾತಾ (ಅನುಮತಿಯಲ್ಲಿ ಕೊರತೆಯಿರುವ ಆಸ್ತಿಯ ಖಾತಾ) ಆದರೆ ಮೊದಲ ಭೇಟಿಯಲ್ಲೇ ಹೇಳಿಬಿಡಿ, ಸಾಲ ಕೊಡಲು ಬ್ಯಾಂಕುಗಳು ತಕರಾರು ತೆಗೆಯುತ್ತವೆ.

ಋಣಭಾರ ಪ್ರಮಾಣಪತ್ರವನ್ನು ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ತೆಗೆಸಿ. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಇನ್ನು ಶಹಾಪುರ ಹಿಂದೆ ಸಾಂಗ್ಲಿ ಸಂಸ್ಥಾನದ್ದು. ಆ ಕಡೆಯ ಹಳೆಯ ಕಾಗದಗಳು ಮರಾಠಿಯಲ್ಲಿ, ಕೆಲವು ಮೋಡಿ ಲಿಪಿಯಲ್ಲೂ ಇರುತ್ತವೆ. ಓದಬಲ್ಲವರಿಂದ ಅನುವಾದ ಮಾಡಿಸಿ ಪ್ರಮಾಣೀಕರಿಸಿ ಇಟ್ಟುಕೊಳ್ಳಿ, ಮೋಡಿ ಓದುವವರು ಕರೆದ ಕೂಡಲೇ ಸಿಗುವುದಿಲ್ಲ.

ನವನಗರದಲ್ಲಿ ಪುನರ್ವಸತಿಗೆ ಕೊಟ್ಟ ಜಾಗದಲ್ಲಿ ಕಟ್ಟಿದ ಮನೆ. ಮಾರಲು ಬೇರೆ ಏನಾದರೂ ಬೇಕೆ?
— ಓದುಗರು, ಬಾಗಲಕೋಟೆ

ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡವರಿಗೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಹಂಚಿದ ಜಾಗವಾದ್ದರಿಂದ, ನಿಮ್ಮ ಮೂಲ ದಾಖಲೆ ಹಂಚಿಕೆ ಪತ್ರವೇ. ಪರಭಾರೆಗೆ ಸಂಬಂಧಿಸಿದ ಷರತ್ತು ಅದರಲ್ಲೇನಿದೆ ಎಂದು ಓದಿ, ಹಕ್ಕುಪತ್ರ ನೋಂದಣಿ ಆಗಿದೆಯೇ ನೋಡಿ, ಬಾಕಿ ಏನೂ ಇಲ್ಲವೆಂಬ ಪತ್ರವನ್ನು ಪ್ರಾಧಿಕಾರದಿಂದ ಪಡೆಯಿರಿ. ಸೆಕ್ಟರ್ ನಂಬರು, ಪ್ಲಾಟ್ ನಂಬರು ಎಲ್ಲ ಕಾಗದದಲ್ಲೂ ಒಂದೇ ಇರಲಿ. ಹಂಚಿಕೆ ಅಜ್ಜನ ಹೆಸರಿಗಿದ್ದರೆ ಮೇಲಿನ ಉತ್ತರದ ವಾರಸಾ ಇಲ್ಲಿಗೂ ಅನ್ವಯ.

ಗೃಹಸಾಲ ತೀರಿಸಿ ಎಂಟು ತಿಂಗಳಾಯಿತು. ಉತಾರದಲ್ಲಿ ಬೋಜಾ (ಸಾಲದ ನಮೂದು) ಹಾಗೇ ಇದೆ, ಮೂಲ ಖರೀದಿ ಪತ್ರವೂ ಬ್ಯಾಂಕಿನಲ್ಲೇ ಇದೆ.
— ಓದುಗರು, ಗೋಕಾಕ

ಪೂರ್ತಿ ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಕಾಗದ ಹಿಂದಿರುಗಿಸಿ ಬೋಜಾ ತೆಗೆಸಬೇಕು, ತಪ್ಪು ತಮ್ಮದಾಗಿ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ಆದೇಶವಿದೆ. 2023ರ ಡಿಸೆಂಬರ್ 1ರ ನಂತರ ಬಿಡುಗಡೆಯಾಗಬೇಕಾದ ಕಾಗದಗಳಿಗೆಲ್ಲ ಇದು ಅನ್ವಯ. ಈ ಆದೇಶ ಉಲ್ಲೇಖಿಸಿ ಲಿಖಿತ ಅರ್ಜಿ ಕೊಟ್ಟು ಪೋಚ್ (ಸ್ವೀಕೃತಿ) ಪಡೆಯಿರಿ, ಬಾಯಿಮಾತು ಬೇಡ. ಅಡಮಾನ ಪತ್ರ ನೋಂದಣಿಯಾಗಿದ್ದರೆ ಅದರ ಬಿಡುಗಡೆ ಪತ್ರವೂ ನೋಂದಣಿಯಾಗಬೇಕು. ಅದು ಆಗುವವರೆಗೂ ಋಣಭಾರ ಪ್ರಮಾಣಪತ್ರದಲ್ಲಿ ಸಾಲ ಕಾಣುತ್ತಲೇ ಇರುತ್ತದೆ.

ತಂದೆ 1990ರಲ್ಲಿ ಕಟ್ಟಿಸಿದ ಮನೆಯನ್ನು 50 ಲಕ್ಷಕ್ಕೆ ಮಾತಾಡಿದ್ದೇವೆ. ಕೊಳ್ಳುವವರು ಸಂಚಕಾರವಾಗಿ 2 ಲಕ್ಷ ನಗದು ಕೊಡುತ್ತೇವೆ ಎನ್ನುತ್ತಾರೆ. ತೆರಿಗೆ ಹೇಗೆ?
— ಓದುಗರು, ವಿಜಯಪುರ

ನಗದು ಮುಟ್ಟಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆದರೆ ಅಷ್ಟೇ ಮೊತ್ತ ದಂಡ, ಅದೂ ಪಡೆದವರಿಗೆ. ಚೆಕ್ಕಿನಲ್ಲೋ ಬ್ಯಾಂಕ್ ವರ್ಗಾವಣೆಯಲ್ಲೋ ತೆಗೆದುಕೊಳ್ಳಿ. ಬೆಲೆ 50 ಲಕ್ಷ ಮುಟ್ಟಿರುವುದರಿಂದ ಕೊಳ್ಳುವವರು ಶೇ. 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ನಿಮ್ಮ ಪ್ಯಾನ್‌ಗೆ ಕಟ್ಟುತ್ತಾರೆ.

ಲಾಭದ ಲೆಕ್ಕಕ್ಕೆ 2001ರ ಏಪ್ರಿಲ್ 1ರಂದು ಇದ್ದ ಬೆಲೆಯನ್ನು ಅಸಲು ಎಂದು ಹಿಡಿಯಬಹುದು. ನೋಂದಾಯಿತ ಮೌಲ್ಯಮಾಪಕರಿಂದ ವರದಿ ಮಾಡಿಸಿ. ಅದು 8 ಲಕ್ಷ ಎಂದಿಟ್ಟುಕೊಳ್ಳಿ. ಬೆಲೆಯೇರಿಕೆಗೆ ತಕ್ಕಂತೆ ಅಸಲು ಹೆಚ್ಚಿಸುವ ಸೂಚ್ಯಂಕ ಬಿಟ್ಟರೆ 42 ಲಕ್ಷಕ್ಕೆ ಶೇ. 12.5, ಅಂದರೆ 5.25 ಲಕ್ಷ. 2024ರ ಜುಲೈ 23ಕ್ಕಿಂತ ಮೊದಲಿನ ಆಸ್ತಿಯಾದ್ದರಿಂದ ಹಳೆಯ ದಾರಿಯೂ ತೆರೆದಿದೆ. 2001-02ರ ಸೂಚ್ಯಂಕ 100, 2025-26ರದ್ದು 376, ಹಾಗಾಗಿ ಅಸಲು 30.08 ಲಕ್ಷವಾಗಿ ಲಾಭ 19.92ಕ್ಕೆ ಇಳಿಯುತ್ತದೆ. ಅದರ ಶೇ. 20 ಎಂದರೆ 3.98 ಲಕ್ಷ. ಸೆಸ್ ಬೇರೆ. ಯಾವುದು ಕಡಿಮೆಯೋ ಅದನ್ನು ಕಟ್ಟುವುದು. ದಲ್ಲಾಳಿ ಕಮಿಷನ್ ಕಳೆಯಬಹುದು, ಮೇಲಂತಸ್ತು ಕಟ್ಟಿಸಿದ ಬಿಲ್ಲಿದ್ದರೆ ಅದೂ ಸೇರುತ್ತದೆ. ಮಾರಾಟಕ್ಕೆಂದು ಹಚ್ಚಿಸಿದ ಬಣ್ಣ ಸೇರುವುದಿಲ್ಲ.

ಮನೆ ತೋರಿಸಲು ಒಳ್ಳೆಯ ಕಾಲ ಯಾವುದು? ಬಾಡಿಗೆದಾರರು ಇರುವಾಗಲೇ ತೋರಿಸಬಹುದೆ?
— ಓದುಗರು, ರಬಕವಿ

ಆಷಾಢ, ಪಿತೃಪಕ್ಷದಲ್ಲಿ ನೋಡುವವರು ಬಂದರೂ ಮಾತು ಮುಗಿಸುವುದಿಲ್ಲ. ನಿಮ್ಮ ಕಡೆ ಕಬ್ಬಿನ ಬಿಲ್ಲು ಕೈಗೆ ಬರುವ ಜನವರಿಯಿಂದ ಮಕ್ಕಳ ಶಾಲೆ ಶುರುವಾಗುವ ಮುಂಚಿನ ಮೇ ತನಕ ಗಿರಾಕಿ ಹೆಚ್ಚು. ಬೇಸಿಗೆಯಲ್ಲಾದರೆ ಬೆಳಗ್ಗೆ ಒಂಬತ್ತರೊಳಗೆ ತೋರಿಸಿ, ಮಧ್ಯಾಹ್ನದ ಕಾವಿನಲ್ಲಿ ಎಂಥ ಮನೆಯೂ ಇಕ್ಕಟ್ಟಾಗಿ ಕಾಣುತ್ತದೆ.

ಬಾಡಿಗೆದಾರರಿದ್ದರೆ ಅವರು ಬಿಡುವ ತಾರೀಖನ್ನು ಬರವಣಿಗೆಯಲ್ಲಿ ಪಡೆದೇ ಸಂಚಕಾರ ತೆಗೆದುಕೊಳ್ಳಿ. ಜಗಲಿ, ಅಟ್ಟ, ಹಿತ್ತಿಲಿನ ಹಳೆಯ ಡ್ರಮ್ಮು ಖಾಲಿ ಮಾಡಿಸಿ. ಎಲ್ಲ ದೀಪ, ನಳ, ಫ್ಲಶ್ ನೀವೇ ಒಮ್ಮೆ ನಡೆಸಿ ನೋಡಿ, ವಿದ್ಯುತ್ ಸೋರಿದರೆ ಕರೆಂಟು ಕಡಿಯುವ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದಾಗ ಸ್ವಿಚ್ ಕೆಳಗೆ ಬೀಳಬೇಕು. ಮನೆ ಕರವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ, ಚಾಲ್ತಿ ರಸೀದಿಯೂ ಕೈಯಲ್ಲಿರುತ್ತದೆ. ಚಾವಿ ಕೊಡುವ ದಿನ ಹೆಸ್ಕಾಂ ವಿದ್ಯುತ್ ಮೀಟರಿನ ರೀಡಿಂಗ್ ಇಬ್ಬರ ಎದುರೇ ಫೋಟೊ ತೆಗೆದು, ಆರ್‌ಆರ್ ನಂಬರಿನ (ವಿದ್ಯುತ್ ಸಂಪರ್ಕದ ಸಂಖ್ಯೆ) ಡಿಪಾಜಿಟ್ ಯಾರಿಗೆ ಸೇರಬೇಕು ಎಂಬುದನ್ನು ಅಲ್ಲೇ ಬರೆದುಕೊಳ್ಳಿ.